ಬಿಳಿ ಸೀರೆ ಬಿಟ್ಟ ಏಳು ತಿಂಗಳು

ನನ್ನ ಕೈತುಂಬ ಬಳೆ ಇದ್ದದ್ದು ಜೀವನದಲ್ಲಿ ಎರಡೇ ಸಲ. ಮದುವೆಯಾದ ಮೇಲೆ ಹದಿನಾಲ್ಕು ತಿಂಗಳು. ಆಮೇಲೆ ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ ನರ್ಸಾಗಿದ್ದಾಗ ಏಳು ತಿಂಗಳು. ಮೊದಲನೆಯದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಗಂಡ ಬಳ್ಳಾರಿಯಲ್ಲಿ ಹತ್ತಿ ಮಿಲ್ಲಿನ ಕೆಲಸಕ್ಕಿದ್ದ, ಕಾಮಾಲೆಯಾಗಿ ತೀರಿಕೊಂಡ. ಆಗ ನನಗೆ ಹತ್ತೊಂಬತ್ತು. ಎರಡನೆಯದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಬಿಳಿ ಸೀರೆ ಉಟ್ಟು ಬಳ್ಳಾರಿಯ ಸತ್ಯನಾರಾಯಣಪೇಟೆಯ ತವರಿಗೆ ವಾಪಸಾದ ನನ್ನನ್ನು ಅಪ್ಪ ಹೆರಿಗೆ ನರ್ಸಿನ ತರಬೇತಿಗೆ ಸೇರಿಸಿದರು. ಅಲ್ಲಿಗೆ ಹೋದ ಮೊದಲ ದಿನ ಆದ ಸಮಾಧಾನ ಈಗಲೂ ನೆನಪಿದೆ. ಅಲ್ಲಿ ಎಲ್ಲ ಹುಡುಗಿಯರದೂ ಬಿಳಿ ಸೀರೆ. ಯಾರ ಕೈಯಲ್ಲೂ ಬಳೆಯಿಲ್ಲ. ಯಾರು ಮದುವೆಯಾಗದವಳು, ಯಾರು ಗಂಡ ಬಿಟ್ಟವಳು, ಯಾರು ಗಂಡ ಸತ್ತವಳು ಎಂದು ನೋಡಿದ ಕೂಡಲೇ ಹೇಳಲು ಬರುತ್ತಿರಲಿಲ್ಲ. ಮನೆಯಲ್ಲಿ ಅತ್ತಿಗೆ ಎಲ್ಲಿಗಾದರೂ ಹೊರಡುವಾಗ ನಾನು ಒಳಗೆ ಸರಿಯುವವರೆಗೆ ಹೊಸಿಲಲ್ಲಿ ನಿಂತಿರುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಇಲ್ಲಿ ಅದೇ ಬಣ್ಣ ಉಟ್ಟು ಎದುರು ಬಂದರೆ ಯಾರೂ ನಿಲ್ಲುತ್ತಿರಲಿಲ್ಲ.

ನಮ್ಮ ಟ್ಯೂಟರಮ್ಮ ಬೆಳಗ್ಗೆ ಏಳಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು, ತುರುಬು, ನೆರಿಗೆ ನೋಡುತ್ತಿದ್ದರು. ಸೆರಗು ಭುಜದ ಮೇಲೆ ಪಿನ್ನಿನಲ್ಲಿ ನಿಂತು, ಬೆನ್ನ ಹಿಂದಿನಿಂದ ಬಂದು ಸೊಂಟದಲ್ಲಿ ಸಿಕ್ಕಿಸಿರಬೇಕು. ಒಂದು ದಿನ ನನ್ನ ಮುಂದೆ ನಿಂತರು. ನೆರಿಗೆಯ ಮೇಲೆ ಸಾಸಿವೆ ಕಾಳಿನಷ್ಟು ಕಲೆ.

"ಏನಿದು?"

"ಸಾರು ಚೆಲ್ಲೇತ್ರಿ."

"ಸಾರು ಅಂತ ನಿನಗ ಗೊತ್ತೈತಿ. ಬಾಣಂತಿಗೆ ಗೊತ್ತೈತೇನು? ಬಿಳೇದು ಯಾಕ ಕೊಟ್ಟಾರ? ನೀ ಚಂದ ಕಾಣ್ಲಿ ಅಂತಲ್ಲ. ಹೊಲಸಾದ ಕೂಡ್ಲೆ ಕಾಣ್ಲಿ ಅಂತ. ಹೋಗಿ ಬ್ಯಾರೆ ಉಟ್ಕೊಂಡು ಬಾ."

ಆ ಮಾತು ಆಗ ನನಗೆ ಬರೀ ಶಿಸ್ತಿನ ಮಾತಿನಂತೆ ಕೇಳಿಸಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಿರುಗುಪ್ಪದಿಂದ ಕೆಂಚನಗುಡ್ಡದ ಕಡೆಗೆ ಹೋಗುವ ಭಾಗದಲ್ಲಿ, ಕಾಲುವೆಯ ಪಕ್ಕದ ಒಂದು ಊರಿಗೆ ನನ್ನನ್ನು ಹಾಕಿದರು. ಎರಡು ಕೋಣೆಯ ಮಣ್ಣಿನ ಮಾಳಿಗೆ ಮನೆ. ಮುಂದಿನದು ಕೆಲಸಕ್ಕೆ, ಹಿಂದಿನದು ನನಗೆ. ಸುತ್ತ ಭತ್ತದ ಗದ್ದೆ. ಮಳೆ ಬಂದರೆ ಎರೆಮಣ್ಣು ಸೀರೆಯ ಅಂಚಿಗೆ ಮೆತ್ತಿಕೊಂಡು ಒಣಗಿ ಕಲ್ಲಾಗುತ್ತಿತ್ತು. ದಿನಾ ಒಗೆದು, ನೀಲಿಗೆ ಅದ್ದಿ, ಅನ್ನದ ಗಂಜಿ ಹಾಕಿ ಒಣಗಿಸುತ್ತಿದ್ದೆ. ತಂಬಿಗೆಗೆ ಕೆಂಡ ತುಂಬಿಕೊಂಡು ಇಸ್ತ್ರಿ ಮಾಡುತ್ತಿದ್ದೆ. ಬೆಳಗ್ಗೆ ಸ್ಟೋವ್ ಹಚ್ಚಿ ಕತ್ತರಿ, ಎರಡು ಚಿಮಟ, ಹೊಕ್ಕುಳಬಳ್ಳಿ ಕಟ್ಟುವ ದಾರ, ಉಗುರು ತಿಕ್ಕುವ ಬ್ರಷ್ ಇವನ್ನೆಲ್ಲ ಇಪ್ಪತ್ತು ನಿಮಿಷ ಕುದಿಸಿ, ಮುಚ್ಚಿ, ಸಿದ್ಧವಾಗಿ ಕೂರುತ್ತಿದ್ದೆ. ಸಂಜೆಯಾದರೂ ಯಾರೂ ಬರುತ್ತಿರಲಿಲ್ಲ. ಮರುದಿನ ಮತ್ತೆ ಕುದಿಸುತ್ತಿದ್ದೆ.

ಹೀಗೆ ಐದು ತಿಂಗಳು ಹೋಯಿತು. ಬಸುರಿಯರಿರುವ ಮನೆಗಳಿಗೆ ನಾನೇ ಹೋದರೆ ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು. ಓಣಿಯ ಮೂಲೆಯಲ್ಲಿ ಒಂದು ದೊಡ್ಡ ಮನೆ. ಅದರ ಯಜಮಾನಿಯನ್ನು ಊರೆಲ್ಲ ಮೂಲಿಮನಿ ಅವ್ವ ಎನ್ನುತ್ತಿತ್ತು. ನಾನು ಅಂಗಳಕ್ಕೆ ಕಾಲಿಟ್ಟಾಗ ಆಕೆ ಒಳಗಿನವರಿಗೆ ತೆಲುಗಿನಲ್ಲಿ ಹೇಳಿದಳು: "ತೆಲ್ಲಚೀರ ವಚ್ಚಿಂದಿ, ತಲುಪು ವೇಯಂಡಿ." ಬಿಳಿ ಸೀರೆ ಬಂತು, ಬಾಗಿಲು ಹಾಕಿ ಎಂದು. ಬಳ್ಳಾರಿಯಲ್ಲಿ ಹುಟ್ಟಿದ ನನಗೆ ತೆಲುಗು ಬರುವುದಿಲ್ಲವೆಂದು ಆಕೆ ಯಾಕೆ ಅಂದುಕೊಂಡಳೋ. ತಿಳಿಯದವಳಂತೆ ಹಿಂದಿರುಗಿದೆ.

ಊರಿನಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಒಬ್ಬ ಸೂಲಗಿತ್ತಿ ಅಜ್ಜಿ. ಹಸಿರು ಸೀರೆ, ಮೊಣಕೈವರೆಗೆ ಬಳೆ, ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ. ನನ್ನ ಮೇಲೆ ಆಕೆಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಒಂದು ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದಳು.

"ಯವ್ವಾ, ನಿನ್ನ ಕೆಲಸ ಚಲೋ ಅಂತ ಕೇಳೀನಿ. ಆದ್ರ ಹಡಿಯಾಕಿ ಕಣ್ಣ ಬಿಟ್ರ ಮುಂದ ಬಿಳಿ ಸೀರಿ ನಿಂತಿದ್ರ ಆಕಿ ಎದಿ ಒಡಿಯಂಗಿಲ್ಲೇನು? ಒಂದು ಹೂವಿನ ಸೀರಿ ಉಟ್ಕೋ. ನಾಕು ಬಳಿ ಇಟ್ಕೋ. ಇನ್ನಾ ಮದಿವಿ ಆಗದ ಹುಡುಗಿ, ನಿನಗ್ಯಾಕ ಈ ವೇಷ?"

ಮದುವೆಯಾಗಿಲ್ಲವೆಂದು ಆಕೆ ತಾನಾಗಿಯೇ ಅಂದುಕೊಂಡಿದ್ದಳು. ನಾನು ತಿದ್ದಲಿಲ್ಲ.

ಅದಾಗಿ ಹದಿನೈದು ದಿನಕ್ಕೆ, ನನ್ನ ಕೋಣೆಯಿಂದ ಮೂರನೆಯ ಮನೆಯಲ್ಲಿ ಒಂದು ಕೂಸು ಹುಟ್ಟಿ ಉಸಿರಾಡದೆ ಹೋಯಿತು. ಬೆಳಗಿನಿಂದ ಆ ಹೆಂಗಸು ನರಳುತ್ತಿದ್ದದ್ದು ನನಗೆ ಕೇಳುತ್ತಲೇ ಇತ್ತು. ಎರಡು ಸಲ ಹೋಗಿ ಬಾಗಿಲಲ್ಲಿ ನಿಂತೆ. ಎರಡು ಸಲವೂ "ಕರದ್ರ ಬರ್ರಿ" ಎಂದರು. ಆಮೇಲೆ ಅಳು ಕೇಳಿಸಿತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತಂತೆ. ಅದನ್ನು ಬಿಡಿಸುವುದನ್ನು ನಾನು ಕಲಿತಿದ್ದೆ. ಕುದಿಸಿಟ್ಟ ಕತ್ತರಿ, ಚಿಮಟ ನನ್ನ ಮುಂದೆ ಇದ್ದವು.

ಮುಂದಿನ ಶನಿವಾರ ಬಳ್ಳಾರಿಗೆ ಹೋದೆ. ಕೆಂಗಂದು ಬಣ್ಣದ, ಸಣ್ಣ ಹಳದಿ ಹೂವಿನ ಎರಡು ಮಿಲ್ ಸೀರೆ ಕೊಂಡೆ. ಬಳೆಯಂಗಡಿಯವನ ಮುಂದೆ ಕೈ ಚಾಚಿ ಕೂತೆ. ಅವನು ನನ್ನ ಅಂಗೈ ಒತ್ತಿ ಒತ್ತಿ ನೋಡಿ, "ಕೈ ಸಡ್ಲ ಬಿಡ್ರಿ ಅಕ್ಕಾ. ಭಾಳ ದಿನ ಆಗೈತೇನ್ರಿ ಇಟ್ಕೊಂಡು?" ಎಂದ. ಹೂಂ ಎಂದೆ. ಹಸಿರು ಬಳೆ ಒಂದೊಂದಾಗಿ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿದವು. ತವರುಮನೆಗೆ ಹೋಗಲಿಲ್ಲ. ತೋಳಿನ ಮೇಲೆ ಸೆರಗು ಹೊದ್ದುಕೊಂಡು ನೇರ ಸಿರುಗುಪ್ಪದ ಬಸ್ಸು ಹತ್ತಿದೆ.

ಸೋಮವಾರ ಹೂವಿನ ಸೀರೆ ಉಟ್ಟು, ಕುಂಕುಮ ಇಟ್ಟು, ಓಣಿಗೆ ಇಳಿದೆ. ನಂಬುವುದು ಕಷ್ಟ, ಆದರೆ ಆ ವಾರವೇ ನನ್ನನ್ನು ಕರೆದರು. ಮೊದಲು ಒಂದು ಮನೆ, ಆಮೇಲೆ ಅದರ ಪಕ್ಕದ ಮನೆ. ಬಾಗಿಲಲ್ಲಿ ನಿಲ್ಲಿಸುತ್ತಿದ್ದವರು ಹೊರಸಿನ ಮೇಲೆ ಕೂರಿಸಿದರು. ನರ್ಸಮ್ಮ ಎನ್ನುತ್ತಿದ್ದವರು ತಂಗಿ ಎಂದರು. ವಗ್ಗಾಣಿ ಮಾಡಿದರೆ ನನಗೊಂದು ತಟ್ಟೆ ಬರುತ್ತಿತ್ತು. ಸೂಲಗಿತ್ತಿ ಅಜ್ಜಿ ಪಕ್ಕದಲ್ಲಿ ಕೂತು ಬಾಣಂತಿಯ ಬೆನ್ನು ನೀವುತ್ತಿದ್ದಳು, ನಾನು ಹೆರಿಗೆ ಮಾಡಿಸುತ್ತಿದ್ದೆ. ಕೊರಳಿಗೆ ಸುತ್ತಿಕೊಂಡ ಬಳ್ಳಿಯನ್ನು ಎರಡು ಸಲ ಬಿಡಿಸಿದೆ. ಎರಡು ಕೂಸೂ ಬದುಕಿದವು. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಕೈ ಆಡಿಸಿ ಬಳೆಯ ಸದ್ದು ಕೇಳುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆ.

ಕೈ ತೊಳೆಯುವುದಕ್ಕೆ ನಮಗೆ ಕಲಿಸಿದ ಕ್ರಮವೊಂದಿತ್ತು. ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದಿಗೆ ಬ್ರಷ್ ಆಡಿಸಿ, ಬೆರಳು ಮೇಲೆ ಮಾಡಿ ಹಿಡಿದು, ಗಡಿಯಾರ ನೋಡಿ ಐದು ನಿಮಿಷ ತಿಕ್ಕಬೇಕು. ಬೆರಳಿನಿಂದ ಮೊಣಕೈಗೆ ನೀರು ಇಳಿಯಬೇಕು. ಆಮೇಲೆ ಏನನ್ನೂ ಮುಟ್ಟಬಾರದು. ಹೂವಿನ ಸೀರೆಯ ಮೊದಲ ಹೆರಿಗೆಯಲ್ಲಿ ಬಳೆ ತೆಗೆಯಲು ಹೋದೆ. ಸುತ್ತಲಿದ್ದ ಹೆಂಗಸರು ಒಟ್ಟಿಗೆ "ಬ್ಯಾಡ್ರಿ, ಈ ಹೊತ್ತಿನಾಗ ಬಳಿ ತಗೀಬಾರ್ದು" ಎಂದರು. ಬಳೆಗಳನ್ನು ಮೇಲಕ್ಕೆ ಸರಿಸಿ ತೊಳೆದೆ. ಅವು ಜಾರಿ ಬಂದವು. ಮುಂದಿನ ಸಲ ಮಣಿಕಟ್ಟಿನವರೆಗೆ ತೊಳೆದೆ. ಐದು ನಿಮಿಷ ಮೂರಾಯಿತು. ಮಾತಾಡುತ್ತ ತೊಳೆಯತೊಡಗಿದ ಮೇಲೆ ಗಡಿಯಾರ ನೋಡುವುದೂ ನಿಂತಿತು. ಬಿಳಿಯದಾಗಿದ್ದರೆ ದಿನಾ ಒಗೆಯಲೇಬೇಕಿತ್ತು. ಈ ಬಣ್ಣದ ಸೀರೆ ಮೂರು ದಿನ ಉಟ್ಟರೂ ಕೊಳೆ ಕಾಣುತ್ತಿರಲಿಲ್ಲ. ಸೆರಗಿಗೆ ಪಿನ್ನು ಹಾಕುವುದನ್ನು ಬಿಟ್ಟೆ. ಎಲ್ಲ ಹೆಂಗಸರ ಹಾಗೆ ಇಳಿಬಿಟ್ಟೆ. ಒದ್ದೆ ಕೈಯನ್ನು ಅದಕ್ಕೇ ಒರೆಸಿಕೊಳ್ಳುವುದು ಯಾವ ದಿನ ಶುರುವಾಯಿತೋ ನನಗೆ ಗೊತ್ತಿಲ್ಲ. ಆರೇಳು ತಿಂಗಳು ಯಾರಿಗೂ ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದರಿಂದ ನಾನು ನನ್ನನ್ನು ನೋಡಿಕೊಳ್ಳಲಿಲ್ಲ.

ಮೂಲಿಮನಿ ಅವ್ವನ ಮಗಳನ್ನು ಕುರುಗೋಡಿನ ಕಡೆ ಬಾದನಹಟ್ಟಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹದಿನೆಂಟರ ಹುಡುಗಿ, ಅಂಜುಬುರುಕಿ. ತಿಂಗಳಿನಿಂದ ದಿನಾ ನನ್ನ ಕಟ್ಟೆಗೆ ಬಂದು ಕೂರುತ್ತಿದ್ದಳು. ನೋವು ಬಂದ ಬೆಳಗ್ಗೆ ಅವ್ವ ತಾನೇ ಕರೆಯಲು ಬಂದಳು. ಹಿಂದಿನ ಮಧ್ಯಾಹ್ನ ಇನ್ನೊಂದು ಓಣಿಯಲ್ಲಿ ಹೆರಿಗೆ ಮಾಡಿಸಿದ್ದೆ. ಅದೇ ಸೀರೆಯಲ್ಲಿ ಎದ್ದು ಹೋದೆ.

ಸೂಲಗಿತ್ತಿ ಅಜ್ಜಿ ಎಂದಿನಂತೆ ಬೆನ್ನು ನೀವುತ್ತಿದ್ದಳು. ಹೆಣ್ಣು ಕೂಸು ಸುಸೂತ್ರವಾಗಿ ಹುಟ್ಟಿತು. ಕೂಸಿನ ಹಿಂದೆ ಬೀಳಬೇಕಾದ ಮಾಸು ಮಾತ್ರ ಬೀಳಲಿಲ್ಲ. ಕಾದೆ, ಹೊಟ್ಟೆ ನೀವಿದೆ, ಬಿದ್ದದ್ದು ಅರ್ಧ. ರಕ್ತ ನಿಲ್ಲದೆ ಹೋದಾಗ ಕೈ ಹಾಕಿ ಉಳಿದದ್ದನ್ನು ತೆಗೆದೆ. ಅದಕ್ಕೆ ಮುಂಚೆ ಕೈ ತೊಳೆದೆ. ಅವಸರದಲ್ಲಿ, ಮಣಿಕಟ್ಟಿನವರೆಗೆ. ರಕ್ತ ನಿಂತಿತು. ಅವ್ವ ನನ್ನ ಗಲ್ಲ ಹಿಡಿದು, "ನನ್ನ ಮಗಳ ಜೀವ ಉಳಿಸಿದ್ಯವ್ವಾ" ಎಂದಳು.

ಮೂರನೆಯ ದಿನ ಹುಡುಗಿಗೆ ನಡುಕ ಬಂತು. ಮುಟ್ಟಿದರೆ ಮೈ ಕೆಂಡ. ಕಿಬ್ಬೊಟ್ಟೆ ಮುಟ್ಟಗೊಡಲಿಲ್ಲ. ಹೊದಿಕೆ ಸರಿಸಿದಾಗ ಬಂದ ವಾಸನೆಯಿಂದಲೇ ನನಗೆ ತಿಳಿಯಿತು. ಎತ್ತಿನ ಗಾಡಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಸಿರುಗುಪ್ಪಕ್ಕೆ ಹೊರಟೆವು. ಅಲ್ಲಿ ಡಾಕ್ಟರು ಸೂಜಿ ಹಾಕಿ, ಬಳ್ಳಾರಿಗೆ ಕಳಿಸಲು ಜೀಪಿಗೆ ಹೇಳಿ, ಚೀಟಿ ಬರೆಯುತ್ತ ಕೇಳಿದರು.

"ಸೂಲಗಿತ್ತಿ ಕೈ ಆಡಿಸಿದ್ಲೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ಅವ್ವ ಹೇಳಿದಳು. "ಆಕಿನೂ ಇದ್ಲುರೀ. ಆಕಿದ ಕೈ ಹೊಲಸು."

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಬರೆದುಕೊಂಡರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಅವ್ವ ಒಳಗೆ ಮಗಳ ಹತ್ತಿರ, ನಾನು ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ. ಸತ್ಯನಾರಾಯಣಪೇಟೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಬಳೆ ಇಟ್ಟ ಕೈಯಲ್ಲಿ ಅಲ್ಲಿಗೆ ಹೋಗುವಂತಿರಲಿಲ್ಲ. ಯಾರಾದರೂ ಪರಿಚಯದವರು ಬಂದರೆ ಕಂಬದ ಮರೆಗೆ ಸರಿಯುತ್ತಿದ್ದೆ. ಆಯಾಗಳು, ನರ್ಸುಗಳು ಬಿಳಿ ಸೀರೆಯಲ್ಲಿ ಹೋಗುತ್ತ ಬರುತ್ತ ಇದ್ದರು. ನಾನೂ ಅವರಲ್ಲೊಬ್ಬಳು ಎಂದು ಅವರಿಗೆ ಹೇಳಲು ನನ್ನ ಮೈಮೇಲೆ ಯಾವ ಗುರುತೂ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಸೆಕೆಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ಸೆರಗಿನ ಒಂದು ಕಡೆ ಬಟ್ಟೆ ಗಡುಸಾಗಿತ್ತು. ಗಂಜಿ ಹಾಕಿದ ಹಾಗೆ. ಈ ಸೀರೆಗೆ ನಾನು ಎಂದೂ ಗಂಜಿ ಹಾಕಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಕೆಂಗಂದಿನ ಮೇಲೆ ಏನೂ ಕಾಣಲಿಲ್ಲ. ನಲ್ಲಿಗೆ ಹೋಗಿ ನೀರು ಬಿಟ್ಟು ಹಿಂಡಿದೆ. ಕೆಂಪು ನೀರು ಇಳಿಯಿತು. ಮತ್ತೆ ಹಿಂಡಿದೆ, ಮತ್ತೆ ಇಳಿಯಿತು. ಸೆರಗಿನ ಉದ್ದಕ್ಕೂ ಅಂಥ ಮೂರು ನಾಲ್ಕು ಕಡೆ. ಇದು ಯಾರ ರಕ್ತ, ಯಾವ ಮನೆಯದು, ಎಷ್ಟು ದಿನದ್ದು ಎಂದು ನನಗೇ ಗೊತ್ತಿರಲಿಲ್ಲ. ಆ ಹುಡುಗಿಗೆ ಕೈ ಹಾಕುವ ಮುಂಚೆ ತೊಳೆದ ಕೈಯನ್ನು ಇದಕ್ಕೇ ಒರೆಸಿಕೊಂಡಿದ್ದೆ. ನಲ್ಲಿಯ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ಹಿಂದೆ ಕೊಡ ಹಿಡಿದು ನಿಂತವಳು "ಆತೇನ್ರಿ?" ಎಂದಾಗ ಸರಿದೆ.

ಹುಡುಗಿ ಬದುಕಿದಳು. ಎದೆಹಾಲು ಬತ್ತಿಹೋಗಿತ್ತು. ಕೂಸಿಗೆ ಆಡಿನ ಹಾಲೇ ಗತಿಯಾಯಿತು. ಆಕೆಯನ್ನು ಊರಿಗೆ ಕರೆತಂದಾಗ ಅಲ್ಲಿ ಬೇರೆಯೇ ನಡೆದಿತ್ತು. ಸೂಲಗಿತ್ತಿ ಅಜ್ಜಿಯನ್ನು ಯಾರೂ ಕರೆಯುತ್ತಿರಲಿಲ್ಲ. ಆರೋಗ್ಯ ಇಲಾಖೆಯವರೊಬ್ಬರು ಬಂದು, ಇನ್ನು ಹೆರಿಗೆ ಮುಟ್ಟಬೇಡ ಎಂದು ಹೇಳಿ ಹೋಗಿದ್ದರಂತೆ. ಓಣಿಯಲ್ಲಿ ಎದುರಾದ ಅಜ್ಜಿ ನನ್ನನ್ನು ನೋಡಿದಳು. "ನಾ ಮುಟ್ಟಿಲ್ಲಂತ ನಿನಗ ಗೊತ್ತೈತಿ" ಎಂದಳು. ಅಷ್ಟೇ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಂಡ ಸತ್ತಾಗ ಬಳೆಗಳನ್ನು ಬೇರೆಯವರು ಒಡೆದಿದ್ದರು. ಈ ಸಲ ಒಡೆಯಬಾರದು ಅನ್ನಿಸಿತು. ಸೋಪು ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದೆ. ಟ್ರಂಕಿನಿಂದ ಬಿಳಿ ಸೀರೆ ತೆಗೆದು ಒಗೆದು ಗಂಜಿ ಹಾಕಿದೆ. ಮರುದಿನ ಅದನ್ನುಟ್ಟು ಸಿರುಗುಪ್ಪಕ್ಕೆ ಹೋದೆ.

"ಅವತ್ತಿನ ಹೆರಿಗಿ ಸೂಲಗಿತ್ತಿ ಮಾಡಿದ್ದಲ್ರಿ," ಎಂದೆ. "ನಾನ ಮಾಡೀನಿ. ಕೈ ಸರಿ ತೊಳದಿರಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವತ್ತ ಯಾಕ ಹೇಳ್ಲಿಲ್ಲ?"

"ಅಂಜಿದ್ದೆರಿ."

ನಾನು ಎಲ್ಲವನ್ನೂ ಹೇಳಿದೆ. ಐದು ತಿಂಗಳು ಯಾರೂ ಕರೆಯದಿದ್ದದ್ದು, ಹೂವಿನ ಸೀರೆ, ಸೆರಗು. ಅವರು ಕೇಳಿ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು.

"ನಾ ಮ್ಯಾಲಿನವ್ರಿಗೆ ಬರೀಬೇಕಾಗ್ತೈತಿ."

"ಬರೀರಿ."

"ಇದನ್ನ ಉಟ್ಕೊಂಡ್ರ ಅವ್ರು ಒಳಗ ಬಿಡಂಗಿಲ್ಲ. ಇದನ್ನ ಬಿಟ್ರ ಹಿಂಗಾಗ್ತೈತಿ. ಏನ್ಮಾಡ್ತೀರಿ? ಬಣ್ಣದ್ದ ಉಟ್ಕೊಂಡು ಚೊಕ್ಕ ಇರಾಕ ಬರಂಗಿಲ್ಲೇನು?"

ಆ ಪ್ರಶ್ನೆಯನ್ನು ನಾನೂ ಆಸ್ಪತ್ರೆಯ ಬೆಂಚಿನ ಮೇಲೆ ಹನ್ನೆರಡು ದಿನ ಕೇಳಿಕೊಂಡಿದ್ದೆ. ಬರುತ್ತಿರಬಹುದು, ಬೇರೆಯವರಿಗೆ. ಸೂಲಗಿತ್ತಿ ಅಜ್ಜಿಗೂ ಯಾರಾದರೂ ಕಲಿಸಿದ್ದರೆ ಹಸಿರು ಸೀರೆಯಲ್ಲೇ ಕೈ ತೊಳೆಯುತ್ತಿದ್ದಳು. ನನಗೆ ಬಂದಿರಲಿಲ್ಲ. ಹೂವಿನ ಸೀರೆ ಉಟ್ಟಾಗ ನಾನು ಆ ಮನೆಗಳಿಗೆ ನೆಂಟಳಾಗಿ ಹೋಗುತ್ತಿದ್ದೆ. ಎಷ್ಟೋ ವರ್ಷದಿಂದ ಯಾರೂ ನನ್ನನ್ನು ಹಾಗೆ ಕೂರಿಸಿಕೊಂಡಿರಲಿಲ್ಲ.

"ನನಗ ಆಗಂಗಿಲ್ರಿ," ಎಂದೆ. "ಇದನ್ನ ಉಟ್ಕೊಂಡು ಇರ್ತೀನಿ. ಕರಿಯೋ ತನಕ ಕಾಯ್ತೀನಿ."

ಅಲ್ಲಿಂದ ನೇರ ಮೂಲಿಮನಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನ ಸೀರೆ ನೋಡಿ ಮೊರ ಕೆಳಗಿಟ್ಟಳು. ನಿಂತೇ ಹೇಳಿದೆ. ಅಜ್ಜಿಯದು ತಪ್ಪಿಲ್ಲ, ಮಗಳಿಗೆ ಜ್ವರ ಬಂದದ್ದು ನನ್ನ ಕೈಯಿಂದ ಎಂದು.

ಆಕೆ ನನ್ನ ಬರಿಗೈ ನೋಡುತ್ತಿದ್ದಳು. "ನೀ ಗಂಡ ಸತ್ತಾಕಿ ಏನು?"

"ಹೌದ್ರಿ."

"ಮತ್ತ ಬಳಿ ಇಟ್ಟಿದ್ದಿ."

"ಇಟ್ಟಿದ್ದೆ."

"ಅದಕ್ಕ ಹಿಂಗಾತು."

ಅದಕ್ಕೆ ಹೂಂ ಎಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನ್ನೊಳಗೂ ಯಾವುದೋ ಒಂದು ಮೂಲೆ ಅದನ್ನೇ ನಂಬಲು ತಯಾರಿತ್ತು.

"ಅದಕ್ಕಲ್ರಿ," ಎಂದೆ. "ಕೈ ತೊಳಿಲಿಲ್ಲ. ಸೀರಿ ಒಗೀಲಿಲ್ಲ. ಅದಕ್ಕ."

ಆಕೆ ಎದ್ದು ಒಳಗೆ ಹೋದಳು. ಮೊರದಲ್ಲಿ ಅಕ್ಕಿ ಹಾಗೇ ಇತ್ತು. ಸ್ವಲ್ಪ ಹೊತ್ತು ನಿಂತು ಬಂದುಬಿಟ್ಟೆ.

ಮೇಲಿನವರಿಂದ ಎಚ್ಚರಿಕೆಯ ಪತ್ರ ಬಂತು. ಊರಿನ ಬಾಗಿಲುಗಳು ಮತ್ತೆ ಮುಚ್ಚಿಕೊಂಡವು. ಈ ಸಲ ಮೊದಲಿಗಿಂತ ಗಟ್ಟಿಯಾಗಿ. ಈಗ ನಾನು ವಿಧವೆಯೆಂದೂ ಎಲ್ಲರಿಗೂ ಗೊತ್ತಿತ್ತು. ಬೆಳಗ್ಗೆ ನೀರಿಗೆ ಹೋದರೆ ಕೊಡ ಹೊತ್ತವರು ನಿಂತು ಬಿಡುತ್ತಿದ್ದರು, ಅತ್ತಿಗೆಯ ಹಾಗೆ. ಇಡೀ ದಿನ ನನ್ನ ದನಿ ನನಗೇ ಕೇಳದ ದಿನಗಳಿದ್ದವು. ಒಂದೊಂದು ಸಂಜೆ ಕುದಿಯುವ ನೀರಿಗೆ, "ಆತು, ಇಪ್ಪತ್ತು ನಿಮಿಷ" ಎಂದು ಹೇಳುತ್ತಿದ್ದೆ, ಬಾಯಿ ಇದೆಯೆಂದು ನೋಡಿಕೊಳ್ಳುವುದಕ್ಕೆ.

ಮೊದಲು ಬಂದವಳು ಸೂಲಗಿತ್ತಿ ಅಜ್ಜಿ. ಆಕೆಯನ್ನು ಮತ್ತೆ ಕರೆಯತೊಡಗಿದ್ದರು. ಕಟ್ಟೆಯ ಮೇಲೆ ಕೂತಳು.

"ನೀ ಬರಬ್ಯಾಡ. ಬಂದ್ರ ಅವ್ರು ನನ್ನೂ ಬಿಡಂಗಿಲ್ಲ. ದಾರ ಕುದಿಸಿ ಕೊಡು, ಬ್ಲೇಡು ಕುದಿಸಿ ಕೊಡು. ಕೈ ಹೆಂಗ ತೊಳಿಬೇಕು ಅದನ್ನೂ ತೋರ್ಸು."

ತೋರಿಸಿದೆ. ಆಕೆ ಅಷ್ಟೂ ಬಳೆ ತೆಗೆಯಲು ಒಪ್ಪಲಿಲ್ಲ. ಅವಕ್ಕೂ ಸೋಪು ಹಚ್ಚಿ ಒಂದೊಂದನ್ನೇ ತಿರುಗಿಸಿ ತಿಕ್ಕಿದಳು. ಎಂಟು ಹತ್ತು ನಿಮಿಷ ಹಿಡಿಯಿತು. ನಾನು ಅಷ್ಟೆಲ್ಲ ತಿಂಗಳಲ್ಲಿ ಮಾಡದೆ ಹೋದದ್ದನ್ನು ಆಕೆ ಒಂದೇ ಮಧ್ಯಾಹ್ನ ಮಾಡಿದಳು. ನೋಡುತ್ತ ಕೂತೆ.

ಭತ್ತದ ಕೊಯ್ಲು ಮುಗಿದ ಮೇಲೆ, ಒಂದು ದಿನ ಬೆಳಗ್ಗೆ ಹತ್ತರ ಹೊತ್ತಿಗೆ ನನ್ನ ಹಿಂದಿನ ಬಾಗಿಲು ಯಾರೋ ಬಡಿದರು. ಮೂಲಿಮನಿ ಅವ್ವ. ಒಳಗೆ ಬರಲಿಲ್ಲ.

"ಸೊಸಿಗೆ ಬ್ಯಾನಿ ಎದ್ದಾವ. ಕಾಲು ಮುಂದ ಆಗೇತಂತ ಅಜ್ಜಿ ಅಂತಾಳ. ತನ್ನ ಕೈಲಿ ಆಗಂಗಿಲ್ಲಂತ." ಬೇರೆ ಕಡೆ ನೋಡುತ್ತ ಹೇಳಿದಳು. "ಹಿತ್ತಲ ಕಡಿಂದ ಬರ್ರಿ. ಮುಂದ ಮಂದಿ ಕುಂತಾರ."

ತಿಪ್ಪೆಯ ಪಕ್ಕದಲ್ಲಿ, ಎಮ್ಮೆಗಳ ನಡುವೆ ಸೀರೆ ಎತ್ತಿ ಹಿಡಿದು ಹೋದೆ. ಹಿತ್ತಲಿನ ಹಂಡೆಯಲ್ಲಿ ನೀರು ಕಾದಿತ್ತು. ಅವ್ವ ಚೆಂಬು ಹಿಡಿದು ನಿಂತಳು. ಗಡಿಯಾರ ಬಿಚ್ಚಿ ಕಲ್ಲಿನ ಮೇಲಿಟ್ಟು ಸೋಪು ಹಚ್ಚಿದೆ. ಒಳಗೆ ಸೊಸೆ ಕೂಗಿಕೊಂಡಳು. ಇನ್ನೊಬ್ಬರು ನೀರು ಹಾಕುತ್ತ ನಿಂತಿರುವಾಗ ಐದು ನಿಮಿಷ ಬಹಳ ದೊಡ್ಡದು. ಆಕೆ ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಸಾಕೇನು?"

"ಇನ್ನಾ ಇಲ್ರಿ."

ಚೆಂಬನ್ನು ಎಡಗೈಗೆ ಬದಲಾಯಿಸಿಕೊಂಡು ಮತ್ತೆ ಹಾಕಿದಳು.

ಕಾಲು ಮುಂದಾಗಿ ಬಂದ ಕೂಸು, ಒಂದೂವರೆ ಗಂಟೆ ಹಿಡಿಯಿತು. ನಾನು ಹೇಳಿದ ಹಾಗೆ ಅಜ್ಜಿ ಹೊಟ್ಟೆ ಒತ್ತುತ್ತ ಹೋದಳು. ಕೂಸು ಅಳುವವರೆಗೆ ಯಾರೂ ನನ್ನ ಸೀರೆಯ ಮಾತೆತ್ತಲಿಲ್ಲ. ಅತ್ತ ಮೇಲೆ ಅವ್ವ ಹಿತ್ತಲ ಬಾಗಿಲು ತೆರೆದು ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ನನ್ನನ್ನು ಕಳಿಸಿದಳು. ನೆರಿಗೆಯ ಮೇಲೆ ಕಲೆಗಳಾಗಿದ್ದವು. ಕೋಣೆಗೆ ಹೋಗಿ ಮೊದಲು ಅವನ್ನು ತೊಳೆದೆ.

ಮೂರನೆಯ ದಿನ ಮತ್ತೆ ಹಿತ್ತಲಿನಿಂದ ಹೋದೆ. ಸೊಸೆ ಕೂಸಿಗೆ ಹಾಲೂಡಿಸುತ್ತ ಮಲಗಿದ್ದಳು. ಪಕ್ಕದಲ್ಲಿ ಕೂತು ಹಣೆಯ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಕೈ ಹಾಗೇ ಇತ್ತು.

"ಯಾಕ್ರಿ ಅಕ್ಕಾ," ಎಂದಳು ಅವಳು ಕಣ್ಣು ಬಿಟ್ಟು. "ಜ್ವರ ಐತೇನ್ರಿ?"

"ಇಲ್ಲವ್ವಾ. ಏನಿಲ್ಲ," ಎಂದೆ.

ಅವಳು ಮತ್ತೆ ಕಣ್ಣು ಮುಚ್ಚಿದಳು. ನನಗೆ ಕೈ ತೆಗೆಯಲು ಮನಸ್ಸಾಗಲಿಲ್ಲ.